ಬದುವಿನ ಸೊಪ್ಪು, ಗೊಂತಿನ ಹುಲ್ಲು

ಫೆಬ್ರವರಿ ಕಳೆಯುತ್ತಿದ್ದಂತೆ ಬಯಲುಸೀಮೆಯ ಹೈನುಗಾರರ ಲೆಕ್ಕ ತಪ್ಪಲು ಶುರುವಾಗುತ್ತದೆ. ಮೆದೆಯಲ್ಲಿ ಹುಲ್ಲೇನೋ ಇರುತ್ತದೆ. ಆದರೆ ಬೋರ್‌ವೆಲ್ ನೀರು ಇಳಿದು, ತಿಂಗಳೊಪ್ಪತ್ತಿಗೆ ಕೊಯ್ಲಿಗೆ ಬರುತ್ತಿದ್ದ ನೇಪಿಯರ್ ಹುಲ್ಲು ಮೊಣಕಾಲುದ್ದಕ್ಕೇ ನಿಂತುಬಿಟ್ಟಿರುತ್ತದೆ. ಹಸು ಒಣಹುಲ್ಲನ್ನು ಮೂಸಿ ಮುಖ ತಿರುಗಿಸುತ್ತದೆ, ಸಗಣಿ ಗಟ್ಟಿಯಾಗುತ್ತದೆ, ಡೈರಿಯ ಚೀಟಿಯಲ್ಲಿ ಎಸ್‌ಎನ್‌ಎಫ್ (ಹಾಲಿನ ಕೊಬ್ಬಲ್ಲದ ಘನಾಂಶ) ಇಳಿಯುತ್ತದೆ. ಹಾಲು ಹೆಚ್ಚಲಿ ಎಂದು ಇನ್ನೊಂದು ಮೂಟೆ ಹಿಂಡಿ ಸಾಲ ತರುತ್ತೀರಿ. ತಿಂಗಳ ಕೊನೆಗೆ ಹಾಲಿನ ಬಟವಾಡೆ ಹಿಂಡಿಯ ಬಾಕಿಗೇ ಸರಿಹೋಗುತ್ತದೆ. 2023ರಲ್ಲಿ ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತವೆಂದು ಘೋಷಣೆಯಾದಾಗ ಎಷ್ಟೋ ಕೊಟ್ಟಿಗೆಗಳಲ್ಲಿ ನಡೆದದ್ದು ಇದೇ.

ಅದೇ ಹೊತ್ತಿನಲ್ಲಿ ಮಳೆಗಾಲ ಮುಗಿದ ಮೇಲೆ ಒಮ್ಮೆ ಸವರಿದ ಹೊಲದ ಬದುವಿನ ಗ್ಲಿರಿಸಿಡಿಯಾ, ಬೇಲಿಯ ಸುಬಾಬುಲ್, ಹಿತ್ತಲಿನ ನುಗ್ಗೆ, ಕಾಲುವೆ ಪಕ್ಕದ ಅತ್ತಿ ಹಸಿರಾಗಿಯೇ ಇರುತ್ತವೆ. ಹುಲ್ಲಿನ ಬೇರು ಮೇಲ್ಮಣ್ಣಿನಲ್ಲಿ ಒಂದೆರಡು ಅಡಿ ಹರಡಿದರೆ ಮರದ ಬೇರು ಅದಕ್ಕಿಂತ ಎಷ್ಟೋ ಆಳಕ್ಕೆ ಇಳಿದು, ಹೋದ ಮಳೆಗಾಲದ ತೇವವನ್ನು ಎತ್ತಿಕೊಳ್ಳುತ್ತದೆ. ಈ ಹಸಿರನ್ನು ಕೊಟ್ಟಿಗೆಗೆ ತರುವುದು ಹೊಸ ವಿದ್ಯೆಯೇನಲ್ಲ. ಕುರಿಗಾಹಿಗಳು ದೋಟಿ ಹಿಡಿದು ಜಾಲಿ, ಬನ್ನಿಯ ರೆಂಬೆ ಬಗ್ಗಿಸಿದ್ದಾರೆ. ವೀಳ್ಯದೆಲೆ ತೋಟದವರು ಬಳ್ಳಿಗೆ ಆಸರೆಯಾದ ಚೊಗಚೆ, ಹಾಲುವಾಣದ ಸೊಪ್ಪನ್ನು ದನಕ್ಕೆ ಹಾಕಿದ್ದಾರೆ. ಕಾಫಿ ತೋಟದಲ್ಲಿ ಮಳೆಗಾಲಕ್ಕೆ ಮುಂಚೆ ನೆರಳು ತೆಗೆದಾಗ ಹಾಲುವಾಣದ ರೆಂಬೆ ಕೊಟ್ಟಿಗೆ ಸೇರುತ್ತದೆ. ಈಗಿನ ತೊಂದರೆ ಬೇರೆ: ಸೊಪ್ಪನ್ನು ನಾವು ಬರಗಾಲದ ಕೊನೆಯ ಆಸರೆ ಮಾಡಿಕೊಂಡಿದ್ದೇವೆ. ಹುಲ್ಲು ಪೂರ್ತಿ ಮುಗಿದ ದಿನ ಕಂಡ ಮರವನ್ನೆಲ್ಲ ಬೋಳಿಸಿ ಹೊಟ್ಟೆತುಂಬ ಹಾಕುತ್ತೇವೆ. ಸೊಪ್ಪು ನಿಜವಾಗಿ ಕೆಲಸಕ್ಕೆ ಬರುವುದು ಹುಲ್ಲು ಇರುವಾಗಲೇ, ದಿನಕ್ಕೆ ನಾಲ್ಕೈದು ಕೆ.ಜಿ. ಲೆಕ್ಕದಲ್ಲಿ.

ಸೊಪ್ಪು ಏಕೆ ಕೆಲಸ ಮಾಡುತ್ತದೆ?

ಹಸು, ಎಮ್ಮೆ, ಕುರಿ, ಮೇಕೆ ತಿಂದ ಮೇವನ್ನು ಮೊದಲು ಅರಗಿಸುವುದು ಅವುಗಳ ದೊಡ್ಡ ಹೊಟ್ಟೆಯಲ್ಲಿರುವ ಸೂಕ್ಷ್ಮಜೀವಿಗಳು. ಒಣಹುಲ್ಲಿನ ನಾರನ್ನು ಒಡೆಯುವ ಶಕ್ತಿ ಇರುವುದು ಆ ಜೀವಿಗಳಿಗೆ. ಅವು ಬದುಕಿ ಹೆಚ್ಚಬೇಕಾದರೆ ಸಾರಜನಕ ಬೇಕು, ಅಂದರೆ ಮೇವಿನಲ್ಲಿ ಪ್ರೋಟೀನ್ ಇರಬೇಕು. ಒಟ್ಟು ಮೇವಿನ ಒಣ ತೂಕದಲ್ಲಿ ಪ್ರೋಟೀನ್ ಶೇ 7ಕ್ಕಿಂತ ಕೆಳಗಿಳಿದರೆ ಸೂಕ್ಷ್ಮಜೀವಿಗಳ ಸಂಖ್ಯೆ ಕುಸಿಯುತ್ತದೆ, ಹುಲ್ಲು ಹೊಟ್ಟೆಯಲ್ಲಿ ಅರಗದೆ ಕೂರುತ್ತದೆ, ಹೊಟ್ಟೆ ತುಂಬಿದಂತಾಗಿ ಹಸು ಮತ್ತೆ ಬಾಯಿ ಹಾಕುವುದಿಲ್ಲ. ರಾಗಿ ಹುಲ್ಲು, ಭತ್ತದ ಹುಲ್ಲಿನಲ್ಲಿ ಪ್ರೋಟೀನ್ ಶೇ 3ರಿಂದ 4 ಮಾತ್ರ. ಜೋಳದ ಕಣಕಿಯಲ್ಲಿ ಅದಕ್ಕಿಂತ ತುಸು ಹೆಚ್ಚು, ಅಷ್ಟೆ. ಗೊಂತಿನ ತುಂಬ ಹುಲ್ಲಿದ್ದೂ ಹಸು ಬಡಕಲಾಗುವುದರ ಹಿಂದಿನ ಗುಟ್ಟು ಇದು.

ಗ್ಲಿರಿಸಿಡಿಯಾ, ಸುಬಾಬುಲ್, ಚೊಗಚೆ, ನುಗ್ಗೆಯ ಎಲೆಗಳ ಒಣ ತೂಕದಲ್ಲಿ ಪ್ರೋಟೀನ್ ಶೇ 20ರಿಂದ 25ರವರೆಗೆ ಇರುತ್ತದೆ. ಹಸಿ ಸೊಪ್ಪಿನ ಮುಕ್ಕಾಲು ಪಾಲು ನೀರೇ ಎಂದು ಹಿಡಿದರೂ, 4 ಕೆ.ಜಿ. ಹಸಿ ಸೊಪ್ಪಿನಿಂದ 1 ಕೆ.ಜಿ. ಒಣ ಪದಾರ್ಥ, ಅದರಲ್ಲಿ 200 ಗ್ರಾಂಗಿಂತ ಮೇಲೆ ಪ್ರೋಟೀನ್ ಸಿಗುತ್ತದೆ. ಶೇ 20 ಪ್ರೋಟೀನ್ ಇರುವ ಒಂದು ಕೆ.ಜಿ. ಪಶು ಆಹಾರದಲ್ಲಿ ಸಿಗುವುದೂ ಅಷ್ಟೇ. ಇದಕ್ಕಿಂತ ದೊಡ್ಡ ಲಾಭ ಇನ್ನೊಂದಿದೆ: ಆ ಪ್ರೋಟೀನ್ ಬಿದ್ದೊಡನೆ ಹೊಟ್ಟೆಯ ಸೂಕ್ಷ್ಮಜೀವಿಗಳು ಹೆಚ್ಚಿ, ಅದುವರೆಗೆ ಅರಗದಿದ್ದ ಒಣಹುಲ್ಲೂ ಅರಗತೊಡಗುತ್ತದೆ. ಸೊಪ್ಪು ಹುಲ್ಲಿಗೆ ಬದಲಿಯಲ್ಲ, ಹುಲ್ಲನ್ನು ದಕ್ಕಿಸಿಕೊಡುವ ಜೊತೆಗಾರ.

ಆದರೆ ಒಂದು ಮಾತು. 'ಈ ಸೊಪ್ಪು ಹಾಕಿ, ಹಿಂಡಿಯೇ ಬೇಡ' ಎಂದು ಯೂಟ್ಯೂಬ್‌ನಲ್ಲಿ ಹೇಳುವವರನ್ನು ನಂಬಬೇಡಿ. ಸೊಪ್ಪಿನಲ್ಲಿ ಪ್ರೋಟೀನ್ ಇದ್ದಷ್ಟು ಶಕ್ತಿ ಇಲ್ಲ. ದಿನಕ್ಕೆ ಹತ್ತು ಲೀಟರ್ ಹಾಲು ಕೊಡುವ ಮಿಶ್ರತಳಿ ಹಸುವಿಗೆ ಒಂದು ಕೆ.ಜಿ.ಯಷ್ಟು ಹಿಂಡಿ ಉಳಿಸಬಹುದು. ಪೂರ್ತಿ ನಿಲ್ಲಿಸಿದರೆ ಹಸು ಮೈಕರಗಿಸಿಕೊಂಡು ಹಾಲು ಕೊಟ್ಟು, ಬೆದೆಗೆ ಬರುವುದನ್ನೇ ಮುಂದಕ್ಕೆ ತಳ್ಳುತ್ತದೆ. ದಿನಕ್ಕೆ ಎರಡು ಮೂರು ಲೀಟರ್ ಕೊಡುವ ನಾಟಿ ಹಸು, ಗೊಡ್ಡು ದನ, ಬೆಳೆಯುವ ಕಡಸು, ಉಳುವ ಎತ್ತು, ಮೇಕೆ – ಇವುಗಳಿಗೆ ಮಾತ್ರ ಸೊಪ್ಪು ಹಿಂಡಿಯ ಬಹುಪಾಲನ್ನು ತುಂಬಬಲ್ಲದು.

ಯಾವ ಮರ, ಯಾರ ಹೊಲಕ್ಕೆ?

ಒಂದೇ ಮರವನ್ನು ಆರಿಸಿ ಎಂದರೆ ನಾನು ಗ್ಲಿರಿಸಿಡಿಯಾ ಅನ್ನುತ್ತೇನೆ. ನಮ್ಮಲ್ಲಿ ಇದು ಗೊಬ್ಬರದ ಗಿಡ. ಮೆಕ್ಸಿಕೊ ಕಡೆಯಿಂದ ಬಂದರೂ ಬಯಲುಸೀಮೆಯ ಕೆಂಪು ನೆಲ, ಮಲೆನಾಡಿನ ಹುಳಿ ಮಣ್ಣು ಎರಡಕ್ಕೂ ಒಗ್ಗಿದೆ. ಗೂಟ ನೆಟ್ಟರೂ ಚಿಗುರುತ್ತದೆ, ಎಷ್ಟು ಸಲ ಸವರಿದರೂ ಬೇಸರಿಸುವುದಿಲ್ಲ. ದನ ತಿನ್ನದೆ ಮಿಕ್ಕಿದ್ದು ಗೊಬ್ಬರದ ಗುಂಡಿಗೆ. ಇದಕ್ಕಿರುವ ಒಂದೇ ಅಪವಾದ ವಾಸನೆ. ಎಲೆಯಲ್ಲಿ ಕೂಮರಿನ್ ಎಂಬ ವಸ್ತುವಿದೆ. ಹೊಸದಾಗಿ ಹಸಿ ಸೊಪ್ಪು ಮುಂದಿಟ್ಟರೆ ಹಸು ಮೂಗು ತಾಗಿಸಿ, ಫುರ್ರನೆ ಉಸಿರು ಬಿಟ್ಟು, ನಾಲಿಗೆಯಿಂದ ಪಕ್ಕಕ್ಕೆ ತಳ್ಳಿ ಕೆಳಗಿನ ಹುಲ್ಲನ್ನು ಹುಡುಕುತ್ತದೆ. ಅಲ್ಲಿಗೇ ಎಷ್ಟೋ ಜನ 'ನಮ್ಮ ದನ ತಿನ್ನಲ್ಲ' ಎಂದು ಕೈಬಿಡುತ್ತಾರೆ. ಸಂಜೆ ಕೊಯ್ದ ಸೊಪ್ಪನ್ನು ಕೊಟ್ಟಿಗೆಯ ಮೂಲೆಯಲ್ಲಿ ತೆಳ್ಳಗೆ ಹರಡಿ ಬೆಳಗಿನವರೆಗೆ ಬಾಡಲು ಬಿಡಿ. ಎಲೆ ಜೋತುಬಿದ್ದು ಮೆತ್ತಗಾಗುತ್ತದೆ, ವಾಸನೆಯ ಘಾಟು ಇಳಿಯುತ್ತದೆ. ಅದನ್ನು ಕತ್ತರಿಸಿ, ಬೂಸ ಇಲ್ಲವೆ ಬೆಲ್ಲದ ನೀರು ಚಿಮುಕಿಸಿ, ರಾಗಿ ಹುಲ್ಲಿನೊಂದಿಗೆ ಕಲಸಿ ಕೊಡಿ. ಒಂದು ವಾರ, ಹತ್ತು ದಿನ ತಾಳ್ಮೆ ಬೇಕು. ಹಿಂಡಿನಲ್ಲಿ ಒಂದು ಹಸು ತಿನ್ನಲು ಕಲಿತರೆ ಉಳಿದವು ಅದನ್ನು ನೋಡಿಯೇ ಕಲಿಯುತ್ತವೆ.

ಸುಬಾಬುಲ್ ಬಗ್ಗೆ ಎರಡು ಮಾತು ಹೆಚ್ಚಿಗೆ ಹೇಳಬೇಕು. ರುಚಿ, ಪ್ರೋಟೀನ್ ಎರಡರಲ್ಲೂ ಇದಕ್ಕೆ ಸಾಟಿ ಕಡಿಮೆ. ಹಸು ಮೊದಲ ದಿನವೇ ಬಾಯಿ ಹಾಕುತ್ತದೆ. ಬೈಫ್ ಎಂಬ ಗ್ರಾಮೀಣಾಭಿವೃದ್ಧಿ ಸಂಸ್ಥೆ ಇದನ್ನು ಕೂಬಾಬುಲ್ ಎಂಬ ಹೆಸರಿನಲ್ಲಿ ಹಳ್ಳಿಗಳಿಗೆ ತಲುಪಿಸಿತು. ಆದರೆ ಎಲೆಯಲ್ಲಿ ಮಿಮೋಸಿನ್ ಎಂಬ ವಿಷಕಾರಿ ಅಂಶವಿದೆ. ಹೆಚ್ಚಾದರೆ ಕೂದಲು ಉದುರುತ್ತದೆ, ಜೊಲ್ಲು ಸುರಿಯುತ್ತದೆ, ಗಂಟಲ ಗ್ರಂಥಿ ಊದಿಕೊಳ್ಳುತ್ತದೆ, ಗಬ್ಬ ನಿಲ್ಲುವುದು ತಡವಾಗುತ್ತದೆ. ಆಸ್ಟ್ರೇಲಿಯಾದಲ್ಲಿ ಸುಬಾಬುಲ್ ಮೇಯ್ದ ದನಗಳು ಹೀಗೆ ಸೊರಗುತ್ತಿದ್ದರೆ ಹವಾಯಿಯ ಮೇಕೆಗಳು ಅದನ್ನೇ ತಿಂದು ಚೆನ್ನಾಗಿದ್ದವು. ರೇಮಂಡ್ ಜೋನ್ಸ್ ಎಂಬ ವಿಜ್ಞಾನಿ 1980ರ ದಶಕದ ಆರಂಭದಲ್ಲಿ ಹವಾಯಿ ಮೇಕೆಗಳ ಹೊಟ್ಟೆಯ ರಸವನ್ನು ಆಸ್ಟ್ರೇಲಿಯಾದ ದನಗಳಿಗೆ ಕೊಟ್ಟಾಗ ಆ ತೊಂದರೆ ಹೋಯಿತು. ವಿಷವನ್ನು ಒಡೆಯುವ ಬ್ಯಾಕ್ಟೀರಿಯಾಕ್ಕೆ ಮುಂದೆ ಅವರ ಹೆಸರನ್ನೇ ಸೇರಿಸಿದರು. ನಮಗೆ ಇದರಿಂದ ಸಿಗುವ ಪಾಠ ಇಷ್ಟು: ಮೆಲುಕು ಹಾಕುವ ಪ್ರಾಣಿಗೆ ನಿಧಾನವಾಗಿ ರೂಢಿ ಮಾಡಿಸಿದರೆ ಅಂಥ ಸೂಕ್ಷ್ಮಜೀವಿಗಳು ಹೊಟ್ಟೆಯಲ್ಲಿ ಹೆಚ್ಚಿ ಸುಬಾಬುಲ್ ದಕ್ಕುತ್ತದೆ. ಆದರೂ ಒಟ್ಟು ಒಣ ಮೇವಿನಲ್ಲಿ ಅದರ ಪಾಲು ಶೇ 30 ದಾಟಬಾರದು. ಕುದುರೆ, ಹಂದಿ, ಮೊಲ, ಕೋಳಿಗೆ ಹಾಕಲೇಬೇಡಿ. ಇನ್ನೊಂದು ತೊಂದರೆ, ಬೀಜ. ಕಾಯಿ ಒಣಗಲು ಬಿಟ್ಟರೆ ನಿಮ್ಮ ಹೊಲವಿರಲಿ, ಪಕ್ಕದವರ ಹೊಲದಲ್ಲೂ ಕಳೆಯಾಗಿ ಹುಟ್ಟುತ್ತದೆ. ಹೂವಿಗೆ ಬರುವ ಮುಂಚೆ ಸವರುವ ಶಿಸ್ತು ಇಲ್ಲದವರು ಇದರ ತಂಟೆಗೆ ಹೋಗದಿರುವುದೇ ಮೇಲು. ಮಲೆನಾಡಿನ ಹುಳಿ ಮಣ್ಣಿನಲ್ಲಿ ಇದು ಹೇಗೂ ಏಳುವುದಿಲ್ಲ.

ಚೊಗಚೆಯನ್ನು ಹಲವು ಕಡೆ ಅಗಸೆ ಎನ್ನುತ್ತಾರೆ – ಎಣ್ಣೆಕಾಳಿನ ಅಗಸೆಯಲ್ಲ, ಬಿಳಿಯ ಇಲ್ಲವೆ ಕೆಂಪಿನ ದೊಡ್ಡ ಹೂ ಬಿಡುವ ಮರ. ನೀರಿರುವ ತೋಟದ ಬದುವಿಗೆ, ನೀರು ನಿಲ್ಲುವ ತಗ್ಗಿಗೂ ಇದು ಸರಿ. ವರ್ಷದೊಳಗೆ ಆಳೆತ್ತರ ದಾಟುತ್ತದೆ. ಮೇಕೆಗೆ ಇದರಷ್ಟು ಇಷ್ಟವಾದ ಸೊಪ್ಪು ಕಡಿಮೆ. ಆದರೆ ಗ್ಲಿರಿಸಿಡಿಯಾದಂತೆ ಪೂರ್ತಿ ಸವರಿದರೆ ಸತ್ತೇ ಹೋಗುತ್ತದೆ. ತುದಿ ಬಿಟ್ಟು ಪಕ್ಕದ ರೆಂಬೆಗಳನ್ನು ಮಾತ್ರ ತೆಗೆಯಬೇಕು, ನಾಲ್ಕೈದು ವರ್ಷಕ್ಕೊಮ್ಮೆ ಹೊಸ ಗಿಡ ಎಬ್ಬಿಸಬೇಕು.

ಕೋಲಾರ, ಚಿಕ್ಕಬಳ್ಳಾಪುರ, ರಾಮನಗರದ ಕಡೆಯವರಿಗೆ ಹಿಪ್ಪುನೇರಳೆ ಬಿಟ್ಟು ಬೇರೆ ಹುಡುಕುವ ಅಗತ್ಯವೇ ಇಲ್ಲ. ಇದರ ಎಲೆ ಅರಗುವಷ್ಟು ಸುಲಭವಾಗಿ ಬೇರೆ ಮರದ ಎಲೆ ಅರಗುವುದು ಅಪರೂಪ. ರೇಷ್ಮೆಹುಳು ತಿಂದು ಬಿಟ್ಟ ಕಡ್ಡಿ, ಎಲೆಯನ್ನು ಕುರಿ ಮೇಕೆಗೆ ಹಾಕುವುದು ಅಲ್ಲಿ ಮಾಮೂಲು. ಎಚ್ಚರಿಕೆ ಬೇಕಾದ್ದು ಎರಡು ಕಡೆ. ಹುಳುವಿನ ಹಾಸಿಗೆಗೆ ವಿಜೇತದಂಥ ಸೋಂಕುನಿವಾರಕ ಪುಡಿ, ಸುಣ್ಣ ಉದುರಿಸಿದ ದಿನದ ಕಸವನ್ನು, ರೋಗ ಬಂದು ಹುಳು ಸತ್ತ ಹಾಸಿಗೆಯ ಕಸವನ್ನು ಹಾಕಬಾರದು. ತೋಟಕ್ಕೆ ಔಷಧಿ ಹೊಡೆದ ಮೇಲೆ ಹುಳುವಿಗೆ ಸೊಪ್ಪು ಕೊಡಲು ಎಷ್ಟು ದಿನ ಕಾಯುತ್ತೀರೋ ದನಕ್ಕೂ ಅಷ್ಟೇ ದಿನ ಕಾಯಬೇಕು.

ನುಗ್ಗೆಯನ್ನು ಮೇವಿಗಾಗಿ ಬೆಳೆಯುವುದಾದರೆ ಕಾಯಿಯ ಆಸೆ ಬಿಡಿ. ಪಿಕೆಎಂ-1ರಂಥ ತಳಿಯ ಬೀಜವನ್ನು ಒತ್ತಾಗಿ ಹಾಕಿ, ಎರಡು ತಿಂಗಳಿಗೊಮ್ಮೆ ಎರಡು ಮೂರು ಅಡಿ ಎತ್ತರಕ್ಕೆ ಸವರಬೇಕು. ನೀರು, ಗೊಬ್ಬರ ಎರಡೂ ಕೇಳುವ ಬೆಳೆ ಇದು. ಖುಷ್ಕಿ ಬದುವಿಗೆ ಹೊಂದುವುದಿಲ್ಲ.

ನೆಡದೇ ಸಿಗುವ ಮರಗಳೂ ಇವೆ. ಹಲಸಿನ ಎಲೆಯಲ್ಲಿ ಶೇ 12–14 ಪ್ರೋಟೀನ್ ಇದೆ, ಮೇಕೆಗೆ ಪ್ರಾಣ. ಆಲ, ಅರಳಿ, ಅತ್ತಿ, ಬಸರಿ ಅದಕ್ಕಿಂತ ಕಡಿಮೆಯಾದರೂ ಒಣಹುಲ್ಲಿಗಿಂತ ಎಷ್ಟೋ ಮೇಲು. ಬೇವನ್ನು ಮೇಕೆ ತಿನ್ನುತ್ತದೆ, ಹಸು ಕಹಿಗೆ ಹಿಂಜರಿಯುತ್ತದೆ. ಉತ್ತರ ಕರ್ನಾಟಕದ ಎರೆ ಹೊಲಗಳಲ್ಲಿ ಬನ್ನಿ, ಕರಿಜಾಲಿಯ ಸೊಪ್ಪೂ ಕಾಯಿಯೂ ಬೇಸಿಗೆಯ ಆಸ್ತಿ. ರಸ್ತೆ ಬದಿಯ ಮಳೆಮರದಿಂದ ಬೇಸಿಗೆಯಲ್ಲಿ ಬೀಳುವ ಕಪ್ಪು ಸಿಹಿಕಾಯಿಯನ್ನು ಗುಡಿಸಿ ಒಣಗಿಸಿ ಇಟ್ಟವರು ಕಡಿಮೆ. ದನ ಅದನ್ನು ಹುಡುಕಿಕೊಂಡು ಹೋಗಿ ತಿನ್ನುತ್ತದೆ. ರಸ್ತೆ ಬದಿಯ ಮರ, ಅರಣ್ಯದ ಮರಗಳ ರೆಂಬೆ ಕಡಿಯುವುದಕ್ಕೆ ಮಾತ್ರ ಕೈ ಹಾಕಬೇಡಿ. ಅದಕ್ಕೆ ಅರಣ್ಯ ಇಲಾಖೆಯ ಅನುಮತಿ ಬೇಕು.

ಒಂದು ಎಕರೆ ಬದುವಿನ ಲೆಕ್ಕ

ಚೌಕಾಕಾರದ ಒಂದು ಎಕರೆ ಹೊಲದ ಸುತ್ತಳತೆ ಸುಮಾರು 250 ಮೀಟರ್. ಮೀಟರಿಗೊಂದರಂತೆ ನೆಟ್ಟರೆ 250 ಗಿಡ. ಮಳೆಯಾಶ್ರಿತ ನೆಲದಲ್ಲಿ ಚೆನ್ನಾಗಿ ಬೇರುಬಿಟ್ಟ ಗಿಡದಿಂದ ಒಂದು ಕೊಯ್ಲಿಗೆ 2 ಕೆ.ಜಿ. ಸೊಪ್ಪು, ವರ್ಷಕ್ಕೆ ಮೂರು ಕೊಯ್ಲು ಎಂದು ಇಟ್ಟುಕೊಳ್ಳಿ: 1,500 ಕೆ.ಜಿ. ಅಂದರೆ ಒಂದು ಹಸುವಿಗೆ ದಿನಕ್ಕೆ 4 ಕೆ.ಜಿ.ಯಂತೆ ವರ್ಷಪೂರ್ತಿ. ಬೆಳೆ ನೆಲದಲ್ಲಿ ಒಂದು ಗುಂಟೆಯನ್ನೂ ಬಿಟ್ಟುಕೊಡಬೇಕಿಲ್ಲ. ಮೊದಲ ವರ್ಷ ಇಷ್ಟು ಬರುವುದಿಲ್ಲ, ಎರಡನೆಯ ವರ್ಷದಿಂದ ಈ ಲೆಕ್ಕ ಹಿಡಿಯಬಹುದು.

ನೆಡುವ ಕ್ರಮ

1. ಗ್ಲಿರಿಸಿಡಿಯಾ ಗೂಟ ಆರಿಸುವಾಗ ಒಂದು ವರ್ಷ ತುಂಬಿದ, ತೊಗಟೆ ಕಂದಾದ ರೆಂಬೆ ನೋಡಿ. ಹಸಿರು ಎಳೆ ಕಡ್ಡಿ ಕೊಳೆಯುತ್ತದೆ. ಉದ್ದ ಮೂರರಿಂದ ನಾಲ್ಕು ಅಡಿ, ದಪ್ಪ ಹೆಬ್ಬೆರಳಿಗಿಂತ ಮೇಲಿರಲಿ.

2. ಮಚ್ಚಿನ ಏಟು ಒಂದೇ ಸಲಕ್ಕೆ ಬೀಳಬೇಕು. ತೊಗಟೆ ಸಿಗಿದರೆ ಬೇರು ಬರುವುದಿಲ್ಲ. ಮೇಲ್ತುದಿಯನ್ನು ಓರೆಯಾಗಿ ಕತ್ತರಿಸಿದರೆ ಮಳೆನೀರು ನಿಲ್ಲದೆ ಜಾರುತ್ತದೆ.

3. ಮುಂಗಾರಿನ ಮೊದಲ ಹದ ಮಳೆ ಬಿದ್ದ ಮೇಲೆ ಒಂದು ಅಡಿ ಆಳಕ್ಕೆ ನೆಟ್ಟು, ಬುಡದ ಮಣ್ಣನ್ನು ಕಾಲಿನಿಂದ ಗಟ್ಟಿಯಾಗಿ ತುಳಿಯಿರಿ. ಕಡಿದ ಗೂಟವನ್ನು ಒಂದೆರಡು ದಿನಕ್ಕಿಂತ ಹೆಚ್ಚು ಇಡಬೇಡಿ, ಇಡಲೇಬೇಕಾದರೆ ನೆರಳಿನಲ್ಲಿಡಿ.

4. ಮಳೆ ಕಡಿಮೆಯಾದ, ಕಲ್ಲು ನೆಲದವರು ಗೂಟದ ಬದಲು ಬೀಜದಿಂದ ಎಬ್ಬಿಸಿದ ಸಸಿ ನೆಡುವುದು ಲೇಸು. ಸಸಿಗೆ ತಾಯಿಬೇರು ಇರುತ್ತದೆ, ಆಳಕ್ಕೆ ಇಳಿಯುತ್ತದೆ. ಗೂಟದ ಬೇರು ಮೇಲುಮೇಲೆಯೇ ಹರಡುತ್ತದೆ. ಬದುವಿನ ಮೇಲೆ ಜೋರು ಗಾಳಿ ಬೀಸುವ ಕಡೆಯೂ ಸಸಿಯೇ ಒಳ್ಳೆಯದು.

5. ಸುಬಾಬುಲ್ ಬೀಜದ ಸಿಪ್ಪೆ ಗಟ್ಟಿ. ಕುದಿ ಬಂದ ನೀರನ್ನು ಇಳಿಸಿ, ತುಸು ಆರಿದ ಮೇಲೆ ಬೀಜ ಹಾಕಿ ಎರಡು ಮೂರು ನಿಮಿಷಕ್ಕೆ ತೆಗೆಯಿರಿ. ಆಮೇಲೆ ತಣ್ಣೀರಿನಲ್ಲಿ ರಾತ್ರಿಯಿಡೀ ನೆನೆಸಿ. ಉಬ್ಬಿದ ಬೀಜ ಬಿತ್ತಿ, ಉಬ್ಬದವನ್ನು ಇನ್ನೊಮ್ಮೆ ಬಿಸಿನೀರಿಗೆ ಹಾಕಿ.

6. ಮೊದಲ ವರ್ಷ ಮೇಕೆಯಿಂದ ಕಾಯಬೇಕು. ನಿಮ್ಮ ಮೇಕೆಯಿಂದಲೂ. ಎಳೆ ಗಿಡದ ತುದಿ ಹೋದರೆ ಮತ್ತೆ ಅದು ಬದುವಿನ ಕುರುಚಲಾಗಿಯೇ ಉಳಿಯುತ್ತದೆ.

ಪೂರ್ವ–ಪಶ್ಚಿಮದ ಬದುವಿನಲ್ಲಿ ಒತ್ತಾಗಿ ನೆಡಬಹುದು, ಬೆಳೆಯ ಮೇಲೆ ನೆರಳು ಹೊತ್ತುಪೂರ್ತಿ ಕೂರುವುದಿಲ್ಲ. ಉತ್ತರ–ದಕ್ಷಿಣದ ಬದುವಿನಲ್ಲಿ ಅಂತರ ಹೆಚ್ಚಿಸಿ. ಬಿತ್ತನೆಗೆ ಮುಂಚೆ ಒಮ್ಮೆ ಸವರಿಬಿಟ್ಟರೆ ಬೆಳೆ ಎಳೆಯದಾಗಿರುವಾಗ ನೆರಳಿನ ತಕರಾರೇ ಇರುವುದಿಲ್ಲ, ಪಕ್ಕದ ಹೊಲದವರ ಬಾಯಿಗೂ ಕೆಲಸವಿರುವುದಿಲ್ಲ.

ಕೊಯ್ಯುವುದು

ಗ್ಲಿರಿಸಿಡಿಯಾ, ಸುಬಾಬುಲ್‌ಗಳ ಮೊದಲ ಕೊಯ್ಲಿಗೆ ಅವಸರ ಬೇಡ. ಕಾಂಡ ಗಟ್ಟಿಯಾಗಿ ಗಿಡ ಆಳೆತ್ತರ ಬರಲಿ, ಎಂಟು ತಿಂಗಳಿಂದ ಒಂದು ವರ್ಷ. ಆಮೇಲೆ ಸೊಂಟದೆತ್ತರದಲ್ಲಿ, ಮೂರೂವರೆ ನಾಲ್ಕು ಅಡಿಗೆ ಸವರಿ. ಅಷ್ಟು ಎತ್ತರ ಏಕೆಂದರೆ ಹೊಸ ಚಿಗುರಿಗೆ ಬೇಕಾದ ಆಹಾರವನ್ನು ಗಿಡ ಕಾಂಡದಲ್ಲೂ ಬೇರಿನಲ್ಲೂ ಕೂಡಿಟ್ಟಿರುತ್ತದೆ. ಕಾಂಡ ಎಷ್ಟು ಉಳಿಯುತ್ತದೋ ಅಷ್ಟು ಬೇಗ ಚಿಗುರು. ಕೈಗೆ ಎಟಕುವ ಎತ್ತರ ಹೆಂಗಸರಿಗೂ ಅನುಕೂಲ. ಮನೆಯ ದನದ ಸೊಪ್ಪು ತರುವವರು ಹೆಚ್ಚಾಗಿ ಅವರೇ ತಾನೆ?

ಮಳೆಗಾಲದಲ್ಲಿ ಎರಡು ಎರಡೂವರೆ ತಿಂಗಳಿಗೆ, ಬೇಸಿಗೆಯಲ್ಲಿ ನಾಲ್ಕು ತಿಂಗಳಿಗೆ ಒಂದು ಕೊಯ್ಲು ಸಾಕು. ಎಲ್ಲ ಗಿಡವನ್ನೂ ಒಂದೇ ದಿನ ಬೋಳಿಸಬೇಡಿ. ಮಳೆಗಾಲದಲ್ಲಿ ಬದುವನ್ನು ಹತ್ತು ಭಾಗ ಮಾಡಿಕೊಂಡು ವಾರಕ್ಕೊಂದು ಭಾಗದಂತೆ ಸರದಿ ಹಾಕಿದರೆ ಹನ್ನೊಂದನೆಯ ವಾರಕ್ಕೆ ಮೊದಲನೆಯದು ಮತ್ತೆ ಸಿದ್ಧವಾಗಿರುತ್ತದೆ. ಗ್ಲಿರಿಸಿಡಿಯಾ ಬೇಸಿಗೆ ಶುರುವಿನಲ್ಲಿ ಹೂವಿಗೆ ಬಂದು ಎಲೆ ಉದುರಿಸುತ್ತದೆ. ನವೆಂಬರ್–ಡಿಸೆಂಬರ್‌ನಲ್ಲಿ ಒಮ್ಮೆ ಸವರಿದ ಗಿಡ ಹೂವಿಗೆ ಹೋಗದೆ ಹೊಸ ಎಲೆ ಹಿಡಿದು ಬೇಸಿಗೆಗೆ ಹಸಿರಾಗಿರುತ್ತದೆ. ಬೇಸಿಗೆಯ ಸೊಪ್ಪು ಬೇಕಾದವರು ಈ ಒಂದು ಕೊಯ್ಲನ್ನು ತಪ್ಪಿಸಬಾರದು.

ಹಾಕುವ ಕ್ರಮ

1. ಮೊದಲ ಎರಡು ಮೂರು ದಿನ ಅರ್ಧ ಕೆ.ಜಿ. ಮಾತ್ರ. ಹೊಟ್ಟೆಯ ಸೂಕ್ಷ್ಮಜೀವಿಗಳು ಹೊಸ ಮೇವಿಗೆ ಹೊಂದಿಕೊಳ್ಳಲು ಹತ್ತು ಹದಿನೈದು ದಿನ ಹಿಡಿಯುತ್ತದೆ. ಅಷ್ಟರೊಳಗೆ ನಾಲ್ಕೈದು ಕೆ.ಜಿ.ಗೆ ಏರಿಸಿ.

2. ಹಸಿದ ಹೊಟ್ಟೆಗೆ ಸೊಪ್ಪು ಬೇಡ. ಮೊದಲು ಒಣಹುಲ್ಲು, ಆಮೇಲೆ ಸೊಪ್ಪು.

3. ಸುಮಾರು 400 ಕೆ.ಜಿ. ತೂಗುವ ಹಸು ದಿನಕ್ಕೆ 10–12 ಕೆ.ಜಿ. ಒಣ ಪದಾರ್ಥ ತಿನ್ನುತ್ತದೆ. ಅದರಲ್ಲಿ ಸೊಪ್ಪಿನ ಪಾಲು ಶೇ 10ರಿಂದ 15 ಇದ್ದರೆ ಚೆನ್ನು, ಅದೇ ನಾಲ್ಕರಿಂದ ಆರು ಕೆ.ಜಿ. ಹಸಿ ಸೊಪ್ಪು. 30 ಕೆ.ಜಿ. ಮೇಕೆಗೆ ದಿನಕ್ಕೆ ಒಂದು ಕೆ.ಜಿ.ಯಷ್ಟು ಒಣ ಪದಾರ್ಥ ಬೇಕು, ಅದರ ಅರ್ಧ ಸೊಪ್ಪಾದರೂ ನಡೆಯುತ್ತದೆ, ಒಂದೇ ಮರದ್ದಾಗದೆ ಬೆರಕೆಯಾಗಿರಬೇಕು. ಮೇಕೆಯ ಸ್ವಭಾವವೂ ಅದೇ.

4. ಗ್ಲಿರಿಸಿಡಿಯಾ ಸೊಪ್ಪನ್ನು ಹಾಲು ಕರೆದ ಮೇಲೆ ಹಾಕಿ. ಕರೆಯುವ ಮುಂಚೆ ಹಾಕಿದರೆ ಹಾಲಿಗೆ ವಾಸನೆ ಹತ್ತಬಹುದು.

5. ಮೇಕೆ ಕುರಿಗೆ ಸೊಪ್ಪನ್ನು ಕಂತೆ ಕಟ್ಟಿ ತಲೆಯ ಎತ್ತರಕ್ಕೆ ತೂಗುಹಾಕಿ. ನೆಲದ ಮೇಲೆ ಎಸೆದ ಸೊಪ್ಪನ್ನು ತುಳಿದು, ಮೂತ್ರ ಮಾಡಿ ಅರ್ಧ ಹಾಳು ಮಾಡುತ್ತವೆ. ಜೊತೆಗೆ ಹೊಟ್ಟೆಹುಳದ ಮರಿಗಳು ಇರುವುದು ನೆಲದ ಹಸಿ ಹುಲ್ಲಿನ ಬುಡದ ನಾಲ್ಕೈದು ಅಂಗುಲದಲ್ಲಿ. ತಲೆಯೆತ್ತಿ ತಿನ್ನುವ ಮೇಕೆಗೆ ಆ ಕಾಟ ಕಡಿಮೆ.

6. ಮರದೆಲೆಯಲ್ಲಿ ಸುಣ್ಣದಂಶ ಹೆಚ್ಚು, ರಂಜಕ ಕಡಿಮೆ. ಗೋಧಿ ಬೂಸದಲ್ಲಿ ರಂಜಕ ಇದೆ, ಆದ್ದರಿಂದ ಬೂಸವನ್ನು ಪೂರ್ತಿ ಬಿಡಬೇಡಿ. ಹಸುವಿಗೆ ದಿನಕ್ಕೆ 50 ಗ್ರಾಂ ಖನಿಜ ಮಿಶ್ರಣ, ತುಸು ಉಪ್ಪು ಕೊಡಿ.

ಒಣಗಿಸಿ ಇಡುವುದು

ಮಳೆಗಾಲದಲ್ಲಿ ಹಸಿಹುಲ್ಲು ಧಾರಾಳವಾಗಿರುವಾಗ ಸೊಪ್ಪು ಮಿಗುತ್ತದೆ. ಅದನ್ನು ಒಣಗಿಸಿ ಇಡಬಹುದು. ಸುಬಾಬುಲ್, ಗ್ಲಿರಿಸಿಡಿಯಾ ರೆಂಬೆಗಳನ್ನು ಟಾರ್ಪಾಲಿನ ಮೇಲೆ ನೆರಳಿನಲ್ಲಿ ಹರಡಿ. ಎರಡು ಮೂರು ದಿನಕ್ಕೆ ಎಲೆ ಗರಿಗರಿಯಾಗುತ್ತದೆ. ರೆಂಬೆಯನ್ನು ಹಿಡಿದು ಒದರಿದರೆ ಎಲೆಯೆಲ್ಲ ಕೆಳಗೆ, ಕಡ್ಡಿ ಒಲೆಗೆ. ಉರಿಬಿಸಿಲಲ್ಲಿ ಒಣಗಿಸಿದರೆ ಎಲೆ ಬಿಳಿಚಿಕೊಂಡು ಸತ್ವ ಕಳೆದುಕೊಳ್ಳುತ್ತದೆ. ಮುಷ್ಟಿಯಲ್ಲಿ ಹಿಸುಕಿದರೆ ಪುಡಿಯಾಗಬೇಕು, ಮೆತ್ತಗೆ ಮುದ್ದೆಯಾದರೆ ಇನ್ನೂ ತೇವವಿದೆ ಎಂದು ಅರ್ಥ. ಗೋಣಿಚೀಲಕ್ಕೆ ತುಂಬಿ ನೆಲದಿಂದ ಎತ್ತರದಲ್ಲಿಡಿ. ಬೇಸಿಗೆಯಲ್ಲಿ ಒಂದು ಕೆ.ಜಿ. ಒಣ ಸೊಪ್ಪನ್ನು ಬೂಸದೊಂದಿಗೆ ಕಲಸಿ ಕೊಟ್ಟರೆ ನಾಲ್ಕು ಕೆ.ಜಿ. ಹಸಿ ಸೊಪ್ಪಿಗೆ ಸಮ. ಬೂಷ್ಟು ಹಿಡಿದ ಸೊಪ್ಪನ್ನು ಕಣ್ಣುಮುಚ್ಚಿ ತಿಪ್ಪೆಗೆ ಹಾಕಿ. ಕೂಮರಿನ್ ಇರುವ ಸೊಪ್ಪಿಗೆ ಬೂಷ್ಟು ಬಂದರೆ ಅದು ರಕ್ತ ಹೆಪ್ಪುಗಟ್ಟದಂತೆ ಮಾಡುವ ವಿಷವಾಗಬಲ್ಲದು.

ಇವನ್ನು ಹಾಕಲೇಬೇಡಿ

ಲಂಟಾನ ತಿಂದ ದನಕ್ಕೆ ಯಕೃತ್ತು ಕೆಟ್ಟು, ಕಾಮಾಲೆಯಾಗಿ, ಬಿಸಿಲಿಗೆ ಮೈಚರ್ಮ ಸುಟ್ಟಂತೆ ಸುಲಿಯುತ್ತದೆ. ಹಸಿವಿನಿಂದ ಇರುವ, ಹೊರ ಊರಿಂದ ತಂದ ದನ ಇದಕ್ಕೆ ಬಾಯಿ ಹಾಕುವುದು ಹೆಚ್ಚು. ಕಣಗಿಲೆ ಕೆಲವೇ ಎಲೆಯಲ್ಲಿ ಪ್ರಾಣ ತೆಗೆಯುತ್ತದೆ. ಬೇಲಿಯಲ್ಲಿ ಕಣಗಿಲೆ ಇದ್ದರೆ ಸವರಿದ ರೆಂಬೆ ಸೊಪ್ಪಿನ ರಾಶಿಗೆ ಬೆರೆಯದಂತೆ ನೋಡಿಕೊಳ್ಳಿ. ಉಮ್ಮತ್ತಿ, ಹರಳಿನ ಬೀಜ, ಗುಲಗಂಜಿ ಕೂಡ ಇದೇ ಸಾಲಿನವು. ಸುಳ್ಯ, ಪುತ್ತೂರು, ಬೆಳ್ತಂಗಡಿ ಕಡೆಯವರು ರಬ್ಬರ್ ಎಲೆಯಿಂದ ದನವನ್ನು ದೂರವಿಡಬೇಕು, ಮುರಿದು ಬಿದ್ದ ರೆಂಬೆಯ ಎಲೆಯಿಂದಲೂ. ಅದರಲ್ಲಿ ಸಯನೈಡ್ ಬಿಡುಗಡೆ ಮಾಡುವ ಅಂಶವಿದೆ. ಮರಗೆಣಸಿನ ಹಸಿ ಎಲೆಯಲ್ಲೂ ಅದೇ ಅಪಾಯ.

ಬಳ್ಳಾರಿ ಜಾಲಿಯದು ಬೇರೆ ಕತೆ. ಎಲೆಯನ್ನು ಪ್ರಾಣಿಗಳು ಮುಟ್ಟುವುದಿಲ್ಲ, ಸಿಹಿ ಕಾಯಿಯನ್ನು ಮುಗಿಬಿದ್ದು ತಿನ್ನುತ್ತವೆ. ತಿಂಗಳುಗಟ್ಟಲೆ ಕಾಯಿಯೇ ಮೇವಾದರೆ ದವಡೆಯ ನರಗಳು ಸೋತು ಮುಖ ಒಂದು ಕಡೆಗೆ ಎಳೆದುಕೊಳ್ಳುತ್ತದೆ, ಮೆಲುಕು ಹಾಕಲಾಗುವುದಿಲ್ಲ. ಇಡೀ ಕಾಯಿ ತಿಂದ ದನದ ಸಗಣಿಯಿಂದ ಬೀಜ ಹೊಲವೆಲ್ಲ ಹರಡುತ್ತದೆ. ಹಾಕುವುದಾದರೆ ಕಾಯಿಯನ್ನು ಒಣಗಿಸಿ, ಬೀಜ ಸಮೇತ ಗಿರಣಿಗೆ ಕೊಟ್ಟು ಹಿಟ್ಟು ಮಾಡಿಸಿ, ಬೇರೆ ಮೇವಿನೊಂದಿಗೆ ಮಿತವಾಗಿ ಕೊಡಿ.

ಸಾಮಾನ್ಯವಾಗಿ ಆಗುವ ತಪ್ಪುಗಳು

ಒಗರು ಸೊಪ್ಪನ್ನು ಅತಿಯಾಗಿ ಹಾಕುವುದು. ಜಾಲಿ, ಆಲ, ಹಲಸಿನ ಎಲೆಯಲ್ಲಿ ಟ್ಯಾನಿನ್ ಇದೆ, ಕಡಿದಾಗ ಬಾಯಿ ಒಣಗಿಸುವ ಒಗರು ಅದೇ. ಮಿತಿಯಲ್ಲಿದ್ದರೆ ಒಳ್ಳೆಯದು: ಪ್ರೋಟೀನನ್ನು ದೊಡ್ಡ ಹೊಟ್ಟೆಯಲ್ಲಿ ಪೋಲಾಗದಂತೆ ಹಿಡಿದು ಕರುಳಿಗೆ ದಾಟಿಸುತ್ತದೆ, ಹೊಟ್ಟೆಯುಬ್ಬರವನ್ನೂ ತಡೆಯುತ್ತದೆ. ಮೇವಿನಲ್ಲಿ ಶೇ 5 ದಾಟಿತೆಂದರೆ ಅದೇ ಟ್ಯಾನಿನ್ ಪ್ರೋಟೀನನ್ನು ಬಿಟ್ಟುಕೊಡದೆ ಸಗಣಿಗೆ ಕಳಿಸುತ್ತದೆ. ಮೇಕೆಗೆ ಒಗರು ತಾಳುವ ಶಕ್ತಿ ಹಸುವಿಗಿಂತ ಹೆಚ್ಚು. ಮೇಕೆ ತಿನ್ನುತ್ತದೆಂದು ಹಸುವಿಗೂ ಅಷ್ಟೇ ಹಾಕುವುದು ಸರಿಯಲ್ಲ.

ಬದುವಿಗೆಲ್ಲ ಒಂದೇ ಜಾತಿ ನೆಡುವುದು ಇನ್ನೊಂದು ತಪ್ಪು. ಸುಬಾಬುಲ್ ಚಿಗುರಿಗೆ ಸಿಲಿಡ್ ಎಂಬ ರಸ ಹೀರುವ ಕೀಟ ಬಿದ್ದ ವರ್ಷ ಎಲ್ಲ ಗಿಡವೂ ಒಟ್ಟಿಗೆ ಬೋಳಾಗುತ್ತದೆ. ಗ್ಲಿರಿಸಿಡಿಯಾ ನಡುನಡುವೆ ಚೊಗಚೆ, ಅಲ್ಲೊಂದು ಇಲ್ಲೊಂದು ಹಲಸು, ಅತ್ತಿ ಇರಲಿ.

ಗಬ್ಬದ ಹಸುವಿಗೆ, ಬೀಜದ ಹೋತಕ್ಕೆ ಸುಬಾಬುಲ್ ಒಂದನ್ನೇ ಹಾಕುವುದು, ಬೆಳೆಗೆ ಔಷಧಿ ಹೊಡೆದ ದಿನ ಬದುವಿನ ಸೊಪ್ಪು ಕೊಯ್ಯುವುದು, ಮಳೆಯಲ್ಲಿ ನೆನೆದ ಸೊಪ್ಪನ್ನು ರಾಶಿ ಹಾಕಿ ಬಿಸಿಯೇರಲು ಬಿಡುವುದು – ಇವೂ ಆಗಾಗ ನಡೆಯುವ ಎಡವಟ್ಟುಗಳು. ಸೊಪ್ಪು ಹಾಕಿದ ಮೇಲೆ ಭೇದಿ, ಕೂದಲು ಉದುರುವುದು, ಜೊಲ್ಲು, ಮೆಲುಕು ನಿಲ್ಲುವುದು ಕಂಡರೆ ತಕ್ಷಣ ಸೊಪ್ಪು ನಿಲ್ಲಿಸಿ ಪಶುವೈದ್ಯರನ್ನು ಕರೆಯಿರಿ. ಏನು ಹಾಕಿದ್ದಿರಿ ಎಂದು ತೋರಿಸಲು ಒಂದು ರೆಂಬೆ ಎತ್ತಿಟ್ಟುಕೊಳ್ಳಿ.

ಸಸಿ ಬೇಕಾದವರು ಅರಣ್ಯ ಇಲಾಖೆಯ ನರ್ಸರಿಯಲ್ಲಿ ಮುಂಗಾರಿಗೆ ಮುಂಚೆಯೇ ವಿಚಾರಿಸಿ. ಮೇವಿನ ತಳಿಗಳ ಬಗ್ಗೆ ಧಾರವಾಡದಲ್ಲಿರುವ ಭಾರತೀಯ ಹುಲ್ಲುಗಾವಲು ಮತ್ತು ಮೇವು ಸಂಶೋಧನಾ ಸಂಸ್ಥೆಯ ಪ್ರಾದೇಶಿಕ ಕೇಂದ್ರದಲ್ಲೂ ನಿಮ್ಮ ಜಿಲ್ಲೆಯ ಕೃಷಿ ವಿಜ್ಞಾನ ಕೇಂದ್ರದಲ್ಲೂ ಮಾಹಿತಿ ಸಿಗುತ್ತದೆ. ಗ್ಲಿರಿಸಿಡಿಯಾ ಗೂಟಕ್ಕೆ ದುಡ್ಡು ಕೊಡಬೇಕಾಗಿಲ್ಲ. ಊರಲ್ಲಿ ಯಾರದಾದರೂ ಬೇಲಿಯಲ್ಲಿ ಇದ್ದೇ ಇರುತ್ತದೆ, ಬಿತ್ತನೆಗೆ ಮುಂಚೆ ಸವರುವಾಗ ಕೇಳಿಟ್ಟುಕೊಂಡರೆ ಕೊಡುತ್ತಾರೆ. ಈ ಸಲ ಬದು ಪೂರ್ತಿ ಆಗದಿದ್ದರೂ ಐವತ್ತು ಗೂಟ ನೆಡಿ.